ಫುಲ್ಕಾದ ಹೊಟ್ಟೆಯಲ್ಲಿ ಏನಿದೆ?

ಮಕ್ಕಳೇ, ಅರೆಬೆಂದ ಚಪಾತಿಯನ್ನು ಕಾವಲಿಯಿಂದ ಎತ್ತಿ ನೇರ ಉರಿಗೆ ಹಿಡಿದರೆ ಅದು ಚೆಂಡಿನ ಹಾಗೆ ಉಬ್ಬುತ್ತದಲ್ಲ, ಅದನ್ನೇ ಹಿಂದಿಯವರು ಫುಲ್ಕಾ ಎನ್ನುವುದು. ಹಿಂದಿಯಲ್ಲಿ ‘ಫೂಲ್‌ನಾ’ ಎಂದರೆ ಉಬ್ಬುವುದು. ಸೋಡಾ ಇಲ್ಲ, ಈಸ್ಟ್ ಇಲ್ಲ. ಇರುವುದು ಗೋಧಿಹಿಟ್ಟು, ನೀರು, ಬೇಕಿದ್ದರೆ ಚಿಟಿಕೆ ಉಪ್ಪು. ಮತ್ತೆ ಉಬ್ಬಿಸಿದ್ದು ಯಾರು?

ಹಿಟ್ಟಿನೊಳಗಿನ ನೀರೇ! 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾದ ನೀರಿಗೆ ಮೊದಲಿಗಿಂತ ಸುಮಾರು 1,600 ಪಟ್ಟು ಹೆಚ್ಚು ಜಾಗ ಬೇಕು. 5 ಮಿಲಿಲೀಟರ್, ಅಂದರೆ ಒಂದು ಚಮಚ ನೀರು ಪೂರ್ತಿ ಆವಿಯಾದರೆ 8 ಲೀಟರಿನಷ್ಟು ಜಾಗ ತುಂಬುತ್ತದೆ. ಹಾಗಾಗಿ ಒಂದು ಫುಲ್ಕಾ ಉಬ್ಬಲು ಕೆಲವು ಹನಿ ನೀರು ಸಾಕು.

ಆದರೆ ಆವಿ ಒಳಗೇ ಉಳಿಯಬೇಕಲ್ಲ? ಅದಕ್ಕೇ ಕಾವಲಿಯ ಮೇಲಿನ ಕೆಲಸ. ಲಟ್ಟಿಸಿದ ಚಪಾತಿಯನ್ನು ಕಾದ ಕಾವಲಿಗೆ ಹಾಕಿದಾಗ ತಳದ ಹಿಟ್ಟು ಬೇಗ ಒಣಗಿ ತೆಳ್ಳಗಿನ ಪದರವಾಗುತ್ತದೆ. ಮಗುಚಿದರೆ ಇನ್ನೊಂದು ಬದಿಯೂ ಹಾಗೆಯೇ. ನಡುವೆ ಮಾತ್ರ ಇನ್ನೂ ಹಸಿ. ಈಗ ಉರಿಗೆ ಹಿಡಿದರೆ ಆ ಹಸಿ ಭಾಗದ ನೀರು ಒಮ್ಮೆಗೇ ಆವಿಯಾಗಿ ಎರಡೂ ಪದರಗಳನ್ನು ದೂರ ತಳ್ಳುತ್ತದೆ. ಎಲ್ಲೋ ಒಂದು ಕಡೆ ಸಣ್ಣ ತೂತಾಗಿದ್ದರೆ ಆವಿ ಅಲ್ಲಿಂದಲೇ ಹೊರಟುಹೋಗುತ್ತದೆ. ಕಾವಲಿ ಸರಿಯಾಗಿ ಕಾಯದಿದ್ದರೂ ಅಷ್ಟೇ: ನೀರು ನಿಧಾನವಾಗಿ ಆರಿ ಚಪಾತಿ ಗಟ್ಟಿಯಾಗುತ್ತದೆ. ಉಬ್ಬಿದ ಫುಲ್ಕಾವನ್ನು ತಕ್ಷಣ ಬೆರಳಿನಿಂದ ಚುಚ್ಚಬೇಡಿ. ಒಳಗಿನ ಆವಿ ಚುರ್ರೆಂದು ಸುಡುತ್ತದೆ.

ಆ ಪದರ ಹರಿಯದೆ ಹಿಗ್ಗುವುದು ಗೋಧಿಯ ಗುಣ. ಗೋಧಿಯಲ್ಲಿ ಗ್ಲಯಡಿನ್, ಗ್ಲುಟೆನಿನ್ ಎಂಬ ಪ್ರೋಟೀನುಗಳಿವೆ. ನೀರು ಹಾಕಿ ನಾದಿದಾಗ ಅವು ಸೇರಿಕೊಂಡು ಗ್ಲುಟೆನ್ ಎಂಬ ಎಳೆದರೆ ಹಿಗ್ಗುವ ಜಾಲವಾಗುತ್ತವೆ. ನಾದಿದ ಹಿಟ್ಟನ್ನು ಅಮ್ಮ ಮುಚ್ಚಿ ನೆನೆಯಲು ಬಿಡುವುದೂ ಇದಕ್ಕೇ. ಅಷ್ಟರಲ್ಲಿ ನೀರು ಎಲ್ಲ ಕಡೆ ಹರಡುತ್ತದೆ, ಬಿಗಿದುಕೊಂಡಿದ್ದ ಜಾಲ ಸಡಿಲವಾಗುತ್ತದೆ.

ಇಲ್ಲೊಂದು ಒಳ್ಳೆಯ ಪ್ರಶ್ನೆ ಇದೆ. ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಆದರೂ ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿ ಚೆನ್ನಾಗಿಯೇ ಉಬ್ಬುತ್ತದೆ! ರೊಟ್ಟಿ ಬಡಿಯುವವರ ಜಾಣ್ಮೆ ಇರುವುದು ಬಿಸಿನೀರಿನಲ್ಲಿ. ಅವರು ಹಿಟ್ಟಿಗೆ ಕುದಿಯುವ ಎಸರು ಹಾಕುತ್ತಾರೆ. ಆ ಬಿಸಿಗೆ ಜೋಳದ ಪಿಷ್ಟದ ಕಣಗಳು ನೀರು ಕುಡಿದು ಊದಿಕೊಂಡು ಅಂಟಂಟಾಗುತ್ತವೆ. ಹಿಟ್ಟಿಗೆ ‘ಜಿಗಿ’ ಬಂತು ಎನ್ನುವುದು ಇದನ್ನೇ. ಆಮೇಲೆ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಾರೆ. ಹಾಗೆ ಮಾಡಿದರೆ ಮೇಲ್ಮೈ ಬೇಗ ಒಣಗಿ ಬಿರುಕು ಬಿಡುವುದಿಲ್ಲ. ಪ್ರೋಟೀನು ಮಾಡಬೇಕಾದ ಕೆಲಸವನ್ನು ಪಿಷ್ಟದಿಂದ ಮಾಡಿಸಿಕೊಳ್ಳುವ ಈ ಉಪಾಯ ನನಗೆ ತುಂಬ ಇಷ್ಟ.

ನೀವೂ ಪರೀಕ್ಷಿಸಬಹುದು. ಎರಡು ಬಟ್ಟಲಿನಲ್ಲಿ ಒಂದೊಂದು ಹಿಡಿ ಜೋಳದ ಹಿಟ್ಟು ತೆಗೆದುಕೊಳ್ಳಿ. ಒಂದಕ್ಕೆ ತಣ್ಣೀರು ಹಾಕಿ ಕಲಸಿ. ಇನ್ನೊಂದಕ್ಕೆ ಕುದಿಯುವ ನೀರನ್ನು ದೊಡ್ಡವರಿಂದ ಹಾಕಿಸಿ, ಮೊದಲು ಚಮಚದಲ್ಲಿ ಕಲಸಿ, ಬೆಚ್ಚಗಾದ ಮೇಲೆ ಕೈಯಿಂದ ನಾದಿ. ಎರಡನ್ನೂ ಉಂಡೆ ಮಾಡಿ ಅಂಗೈಯಲ್ಲಿ ತಟ್ಟಿ. ಯಾವುದರ ಅಂಚು ಮೊದಲು ಸೀಳುತ್ತದೆ, ನೋಡಿ.