ಆಲಿವ್ ಕಾಯಿಯಷ್ಟು ರೊಟ್ಟಿ



ಕನ್ನಡ ಬೈಬಲ್ಲು ‘ಪಸ್ಕ’ ಎಂದು ಕರೆಯುವ ಹಬ್ಬವೊಂದು ಯೆಹೂದಿಗಳಿಗಿದೆ. ಮತ್ಸಾ ಎಂಬ ರೊಟ್ಟಿಯಿಲ್ಲದೆ ಅದು ನಡೆಯದು. ಬರೀ ಹಿಟ್ಟು, ನೀರು, ಅಷ್ಟೇ. ಈಜಿಪ್ಟಿನ ಜೀತದಿಂದ ಹೊರಟ ಅವರ ಪೂರ್ವಜರಿಗೆ ನಾದಿದ ಹಿಟ್ಟು ಹುಳಿಯಾಗುವಷ್ಟು ಹೊತ್ತೂ ಸಿಗಲಿಲ್ಲವಂತೆ. ಆ ಅವಸರ ಇವತ್ತಿಗೂ ಅಡುಗೆಮನೆಯಲ್ಲಿ ಉಳಿದಿದೆ: ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ರೊಟ್ಟಿ ಒಲೆ ಸೇರಬೇಕು.

ಈಗ ಆ ಮನೆಯಲ್ಲಿ ಸೀಲಿಯಾಕ್ ಕಾಯಿಲೆಯ ಮಗುವೊಂದಿದೆ ಎನ್ನಿ. ಗೋಧಿಯ ಅಂಟು, ಅದೇ ಗ್ಲೂಟೆನ್, ಚೂರು ಹೊಟ್ಟೆಗೆ ಹೋದರೂ ಸಣ್ಣ ಕರುಳಿನ ಒಳಪದರಕ್ಕೆ ಪೆಟ್ಟು. ಮಾತ್ರೆಯಿಂದ ಗುಣವಾಗುವಂಥದ್ದಲ್ಲ, ಜೀವನಪೂರ್ತಿ ಪಥ್ಯ.

‘ಅದಕ್ಕೇನಂತೆ, ಅಕ್ಕಿರೊಟ್ಟಿ ತಟ್ಟಿ ಕೊಡಿ’ ಎಂದು ನಮ್ಮಜ್ಜಿ ಹೇಳಿಬಿಡುತ್ತಿದ್ದರು. ಅಲ್ಲಿ ಅದು ನಡೆಯುವುದಿಲ್ಲ. ಹುಳಿಯಾಗಬಲ್ಲ ಧಾನ್ಯದಿಂದ ಮಾಡಿದರೆ ಮಾತ್ರ ಅದು ಮತ್ಸಾ ಎನ್ನುತ್ತದೆ ಯೆಹೂದಿಗಳ ಧರ್ಮಗ್ರಂಥ ತಾಲ್ಮೂದ್. ಗೋಧಿ, ಬಾರ್ಲಿ, ರೈ, ಸ್ಪೆಲ್ಟ್, ಓಟ್ಸ್: ಪಟ್ಟಿಯಲ್ಲಿರುವುದು ಈ ಐದೇ. ಅಕ್ಕಿ ಹುಳಿಯಾಗುವುದಿಲ್ಲ, ಕೊಳೆಯುತ್ತದೆ ಎಂಬುದು ತಾಲ್ಮೂದಿನ ಪಂಡಿತರ ತೀರ್ಪು. ಬೆಳಗ್ಗೆ ಎದ್ದು ಉಕ್ಕಿ ಚೆಲ್ಲಿದ ಇಡ್ಲಿ ಹಿಟ್ಟು ಒರೆಸುವ ನಮಗೆ ನಗು ಬರಬಹುದು. ಆದರೆ ಅವರ ತರ್ಕ ನನಗೆ ಹಿಡಿಸುತ್ತದೆ. ಉಬ್ಬಬಲ್ಲದ್ದನ್ನು ಉಬ್ಬಗೊಡದೆ ಬೇಯಿಸುವುದೇ ಅಲ್ಲಿಯ ವ್ರತ. ಉಬ್ಬಲಾರದ್ದು ಚಪ್ಪಟೆಯಾಗಿ ಉಳಿದರೆ ಅದರಲ್ಲೇನು ಹೆಚ್ಚುಗಾರಿಕೆ?

ಐದರಲ್ಲಿ ನಾಲ್ಕು ಆ ಮಗುವಿಗೆ ವಿಷ. ಉಳಿದದ್ದು ಓಟ್ಸ್. ಪ್ರಾಚೀನ ಗ್ರಂಥದ ಹೀಬ್ರೂ ಪದ ಓಟ್ಸನ್ನೇ ಹೇಳುತ್ತದೋ ಬೇರೆ ಧಾನ್ಯವನ್ನೋ ಎಂಬ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ, ಇರಲಿ. ಓಟ್ಸ್ ಹಿಟ್ಟಿಗೆ ಅಂಟು ಸಾಲದು, ಲಟ್ಟಿಸಿದರೆ ಅಂಚು ಸೀಳುತ್ತದೆ. ಹೊಲದಲ್ಲೋ ಗಿರಣಿಯಲ್ಲೋ ಗೋಧಿ ಬೆರೆತರೆ ಮಾಡಿದ್ದೆಲ್ಲ ದಂಡ. ಕೆಲವರಿಗಂತೂ ಶುದ್ಧ ಓಟ್ಸೂ ಒಗ್ಗುವುದಿಲ್ಲ. ಇಷ್ಟಿದ್ದರೂ ಲಂಡನ್ನಿನ ರಬ್ಬಿಯೊಬ್ಬರು, ಅಂದರೆ ಯೆಹೂದಿ ಧರ್ಮಗುರು, ಹಟ ಹಿಡಿದು ಓಟ್ಸ್ ಮತ್ಸಾ ಮಾಡಿದರು. ಈಗ ಅದು ಡಬ್ಬಿಯಲ್ಲಿ ಸಿಗುತ್ತದೆ. ಬೆಲೆ ಮಾತ್ರ ಕೇಳಬೇಡಿ.

ಜೀವಕ್ಕೆ ಅಪಾಯವಿದ್ದರೆ ಹೆಚ್ಚುಕಡಿಮೆ ಎಲ್ಲ ವಿಧಿಗಳನ್ನೂ ಬದಿಗಿಡಬಹುದು ಎಂಬುದು ಯೆಹೂದಿ ಧರ್ಮದ ದೊಡ್ಡ ನಿಯಮ. ಹಾಗಿರುವಾಗ ಇಷ್ಟೆಲ್ಲ ಪಾಡು ಯಾಕೆ? ವಿನಾಯಿತಿ ಸಿಕ್ಕ ಮಗು ಹಬ್ಬದ ಮೇಜಿನ ಮುಂದೆ ಸುಮ್ಮನೆ ನೋಡುತ್ತ ಕೂರಬೇಕಲ್ಲ, ಅದಕ್ಕೆ. ತಿನ್ನಲೇಬೇಕಾದದ್ದೂ ಬಹಳವಲ್ಲ. ಮೊದಲ ರಾತ್ರಿ ಒಂದು ಆಲಿವ್ ಕಾಯಿಯಷ್ಟು. ಇಸ್ರೇಲಿನ ಹೊರಗಿದ್ದರೆ ಎರಡನೆಯ ರಾತ್ರಿ ಇನ್ನೊಮ್ಮೆ. ಆಮೇಲೆ ಹುಳಿಹಿಟ್ಟು ಮುಟ್ಟದಿದ್ದರೆ ಸಾಕು.

ಮತ್ಸಾ ಪುಡಿಗೆ ಮೊಟ್ಟೆ, ಕೋಳಿಕೊಬ್ಬು ಕಲಸಿ ಉಂಡೆ ಕಟ್ಟಿ ಸಾರಿನಲ್ಲಿ ಬೇಯಿಸುವುದೂ ಈ ಹಬ್ಬದ ಅಡುಗೆಯೇ. ಅದಕ್ಕೆ ಇಷ್ಟು ಕಟ್ಟುಪಾಡಿಲ್ಲ. ಪುಡಿಯ ಬದಲು ಬಾದಾಮಿ ಹಿಟ್ಟು, ಉಂಡೆ ಬಿಡದಿರಲೆಂದು ಸ್ವಲ್ಪ ಆಲೂಗಡ್ಡೆ ಹಿಟ್ಟು.

ಇಲ್ಲೊಂದು ತಮಾಷೆಯಿದೆ. ಪಸ್ಕದ ಕಾಲಕ್ಕೆ ಕೇಕು, ಬಿಸ್ಕತ್ತುಗಳನ್ನೂ ಮೈದಾ ಬಿಟ್ಟು ಬಾದಾಮಿ, ಆಲೂಗಡ್ಡೆ ಹಿಟ್ಟಿನಲ್ಲೇ ಮಾಡುವ ರೂಢಿ ಬಹಳ ಮನೆಗಳಲ್ಲಿದೆ. ಅಂಗಡಿಗೂ ಅಂಥ ತಿಂಡಿಗಳು ಬರುತ್ತವೆ. ಅಮೆರಿಕದಲ್ಲಿ ಯೆಹೂದಿಗಳಲ್ಲದ ಸೀಲಿಯಾಕ್ ರೋಗಿಗಳೂ ಆ ದಿನಗಳಲ್ಲೇ ಅವನ್ನು ಕೊಂಡು ಕೂಡಿಡುತ್ತಾರೆ. ಗೋಧಿ ಆಗದವರಿಗೆ ಇಷ್ಟು ಅನುಕೂಲವಾದ ಹಬ್ಬ ಇನ್ನೊಂದಿರಲಾರದು. ತೊಡಕೆಲ್ಲ ಆ ಒಂದು ಆಲಿವ್ ಕಾಯಿಯಷ್ಟರದ್ದು.

ಊಟಕ್ಕೆ ಮೊದಲು ಮನೆಯ ಕಿರಿಯ ಮಗು ಎದ್ದು, ಈ ರಾತ್ರಿ ಯಾಕೆ ಬೇರೆ, ಇವತ್ತು ಮತ್ಸಾ ಮಾತ್ರ ಯಾಕೆ ಎಂದು ಕೇಳುವುದು ಪದ್ಧತಿ. ವರ್ಷವಿಡೀ ಬ್ರೆಡ್ಡು ಮುಟ್ಟದ ನಮ್ಮ ಮಗುವೂ ಅದನ್ನೇ ಕೇಳುತ್ತದೆ. ಆಮೇಲೆ ಓಟ್ಸ್ ಮತ್ಸಾದ ಪುಡಿ ಅಂಗಿಯ ಮೇಲೆ ಉದುರುತ್ತದೆ. ಮೇಜಿನ ಸುತ್ತ ಅಪ್ಪ, ಅಮ್ಮ, ಅಜ್ಜ, ಅಜ್ಜಿ. ಆ ರಾತ್ರಿ ಯಾರ ತಟ್ಟೆಯಲ್ಲೂ ಬ್ರೆಡ್ಡಿಲ್ಲ.