ಆಳಕ್ಕೆ ಇಳಿಸಿದವರು



ವಂದನಾರ್ಪಣೆಯನ್ನು ಕೊನೆಗೆ ಇಡುವುದು ವಾಡಿಕೆ. ಆ ಹೊತ್ತಿಗೆ ಅರ್ಧ ಸಭೆ ಊಟದ ಸಾಲಿನಲ್ಲಿರುತ್ತದೆ. ಹಾಗಾಗಿ ಈ ವಿಜ್ಞಾನ ಲೇಖಕರ ಗೋಷ್ಠಿಯ ಅಧ್ಯಕ್ಷನ ಸಲಿಗೆಯಿಂದ ಆ ಕೆಲಸವನ್ನು ನಾನೇ ಈಗ ಎತ್ತಿಕೊಳ್ಳುತ್ತೇನೆ.

ಇಲ್ಲಿ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಮದನಿಕೆಗಳ ಪೀಠ ನೋಡಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ಕೆತ್ತಿದವರ ಹೆಸರು ಕಲ್ಲಿನ ಮೇಲೇ ಇದೆ. ಆದರೂ ನಮ್ಮ ಬಾಯಲ್ಲಿ ಉಳಿದವನು ಜಕಣಾಚಾರಿ ಒಬ್ಬನೇ. ವಿಜ್ಞಾನ ಬರೆಯುವಾಗಲೂ ಈ ಜಕಣಾಚಾರಿ ಚಾಳಿ ನಮ್ಮನ್ನು ಬಿಟ್ಟಿಲ್ಲ. 1898ರಲ್ಲಿ ರೇಡಿಯಂ ಸುದ್ದಿ ತಂದ ಪ್ರಬಂಧದಲ್ಲಿ ಕ್ಯೂರಿ ದಂಪತಿಯ ಜೊತೆ ಗುಸ್ತಾವ್ ಬೆಮಾಂ ಎಂಬ ಮೂರನೆಯ ಹೆಸರಿತ್ತು. ಇಲ್ಲಿ ಎಷ್ಟು ಜನ ಕೇಳಿದ್ದೀರಿ?

ನಮ್ಮದೇ ಕೋಲಾರಕ್ಕೆ ಬರೋಣ. ಬಾಹ್ಯಾಕಾಶದ ಕಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಆನ್‌ಗಳೂ ನ್ಯೂಟ್ರಿನೋಗಳೂ ಹುಟ್ಟುತ್ತವೆ. ಮ್ಯೂಆನ್‌ಗಳನ್ನು ಬಂಡೆ ತಡೆಯುತ್ತದೆ, ನ್ಯೂಟ್ರಿನೋ ಯಾವುದಕ್ಕೂ ಸುಲಭಕ್ಕೆ ಜಗ್ಗುವುದಿಲ್ಲ. ಹೊಮಿ ಭಾಭಾ ಅವರ ಸಲಹೆಯಂತೆ 1951ರಲ್ಲಿ ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ ಕೆಜಿಎಫ್ ಚಿನ್ನದ ಗಣಿಗೆ ಉಪಕರಣ ಇಳಿಸಿ, ಆಳ ಹೆಚ್ಚಿದಂತೆ ಮ್ಯೂಆನ್ ಎಷ್ಟು ಕಡಿಮೆಯಾಗುತ್ತದೆಂದು ಎಣಿಸತೊಡಗಿದರು. ಮುಂದೆ ತೀರಾ ಆಳಕ್ಕೆ ಹೋದಾಗ ಒಂದೂ ಸಿಗಲಿಲ್ಲ. ಬರಿಗೈ ಅಂತ ಯಾರೂ ಬೇಸರಪಡಲಿಲ್ಲ: ಸದ್ದಡಗಿದ ಜಾಗ ಸಿಕ್ಕಿತ್ತು. ಅಲ್ಲಿ ಅಡ್ಡಡ್ಡಲಾಗಿ ಹಾಯುವ ಮ್ಯೂಆನ್ ಕಂಡರೆ, ಅದು ಬಂಡೆಯೊಳಗೆ ನ್ಯೂಟ್ರಿನೋ ಹುಟ್ಟಿಸಿದ್ದೇ ಇರಬೇಕು. 1965ರ ಆಗಸ್ಟ್‌ನಲ್ಲಿ ಆ ಸಾಕ್ಷ್ಯ ಪ್ರಕಟವಾಯಿತು. ಅದೇ ತಿಂಗಳು ದಕ್ಷಿಣ ಆಫ್ರಿಕದ ಚಿನ್ನದ ಗಣಿಯಿಂದ ಭೌತವಿಜ್ಞಾನಿ ರೈನ್ಸ್ ಅವರ ತಂಡವೂ ಅದನ್ನೇ ವರದಿ ಮಾಡಿತು.

ಕೋಲಾರದ ಪ್ರಬಂಧಕ್ಕೆ ಹನ್ನೊಂದು ಮಂದಿ ಲೇಖಕರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಆಚಾರ್, ಮೆನನ್, ನರಸಿಂಹಂ, ರಮಣಮೂರ್ತಿ, ಶ್ರೀಕಂಠನ್. ಒಸಾಕಾದ ಮಿಯಾಕೆ, ಹಿನೋಟಾನಿ. ಡರ್ಹಮ್‌ನ ವುಲ್ಫೆಂಡೇಲ್ ಮತ್ತು ಮೂವರು ಸಂಗಡಿಗರು. ಹನ್ನೊಂದು ಎಂಬುದು ದೊಡ್ಡ ಮನಸ್ಸಿನ ಲೆಕ್ಕವೇ. ಆದರೆ ಪತ್ತೆಯಂತ್ರಗಳು ನೆಲದಿಂದ ಸುಮಾರು 2300 ಮೀಟರ್ ಕೆಳಗಿದ್ದವು. ಬಿಸಿ ಬಂಡೆ, ಯಾವಾಗ ಸಿಡಿದೀತೋ ಹೇಳಲಾಗದ ಗೋಡೆ. ಯಂತ್ರದ ಗಾಜಿನ ನಿಯಾನ್ ಕೊಳವೆಗಳು ಒಡೆಯದಂತೆ ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಇಳಿಯಬೇಕು, ಸುರಂಗದೊಳಗೆ ಸಾಗಬೇಕು. ಮರದ ಆಸರೆ ಕೊಟ್ಟವರು, ಗಾಳಿ ಹಾಯಿಸಿದವರು, ನೀರೆತ್ತಿದವರು, ಮೇಲೆ ಕುಳಿತು ಗಂಟೆಯ ಸನ್ನೆಗೆ ಕೇಜು ಏರಿಸಿ ಇಳಿಸಿದವರು, ಇವರಿಲ್ಲದೆ ಶ್ರೀಕಂಠನ್ ಕೂಡ ನೆಲದ ಮೇಲೆ ನಿಂತಿರುತ್ತಿದ್ದರು. ಚಿನ್ನ ತೆಗೆಯುವ ಪಾಳಿಯ ನಡುವೆಯೇ ಪ್ರಯೋಗಕ್ಕೂ ಜಾಗ ಮಾಡಿಕೊಟ್ಟ ಗಣಿಯದು ದೊಡ್ಡ ದೇಣಿಗೆ. ಅದನ್ನು 'ಸಹಕಾರ' ಎಂಬ ಸವಕಲು ಪದದಲ್ಲಿ ಮುಗಿಸಿದರೆ ನನಗೆ ಒಪ್ಪಿಗೆಯಿಲ್ಲ.

ಮೂಲಧಾತುವಿರಲಿ, ಕಣವಿರಲಿ, ಶೋಧದ ಕತೆ ಬರೆಯುವಾಗ ಈ ಜನರನ್ನು ಕೃತಜ್ಞತೆಯ ಸಾಲಿನಿಂದ ಕತೆಯೊಳಕ್ಕೇ ತನ್ನಿ. 1980ರ ದಶಕದಲ್ಲಿ ಅದೇ ಗಣಿಯಲ್ಲಿ ಪ್ರೋಟಾನ್ ಅಳಿವು ಹುಡುಕಲು 140 ಟನ್ನಿನ ಯಂತ್ರ ನಿಲ್ಲಿಸಿದರು. ಆ ಭಾರ ತಾನಾಗಿ ಕೆಳಗಿಳಿಯಲಿಲ್ಲ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಆಗಿನ ಕೆಲಸಗಾರರಿಗೆ ಈಗ ವಯಸ್ಸಾಗಿದೆ. ನಮ್ಮ ಲೇಖಕರಲ್ಲಿ ಇಬ್ಬರು ಅಲ್ಲಿಗೆ ಹೋಗಿ ಅವರ ಮಾತು ದಾಖಲಿಸಿಕೊಂಡು ಬರಲಿ. ಅವರಲ್ಲಿ ಹಲವರ ಮನೆಮಾತಾದ ತಮಿಳು ಬಲ್ಲವರಾದರೆ ಇನ್ನೂ ಅನುಕೂಲ. ಬಸ್ ಖರ್ಚನ್ನು ಈ ಗೋಷ್ಠಿಯ ಉಳಿಕೆ ಹಣದಿಂದ ಕೊಡೋಣ. ಖಜಾಂಚಿಗಳು ಮೊದಲ ಸಾಲಿನಲ್ಲೇ ಕುಳಿತಿದ್ದಾರೆ, ಇಷ್ಟು ಜನರ ಮುಂದೆ ಇಲ್ಲ ಎನ್ನಲಾರರು.