ಆ ಚಿತ್ರ ತೆಗೆದ ದಿನ

(ಸಂಘದ ಸಭೆಯಲ್ಲಿ ಆಡಿದ ಮಾತು)



ಮೊನ್ನೆ ನಮ್ಮ ಹೋಟೆಲಿನ ಹುಡುಗನೊಬ್ಬ ಹೊಸ ಟೀ ಶರ್ಟು ತೊಟ್ಟು ಬಂದ. ಎದೆಯ ಮೇಲೆ ಗಡ್ಡದ ಮುಖ, ನಕ್ಷತ್ರದ ಟೊಪ್ಪಿಗೆ. “ಇದು ಯಾರಪ್ಪ?” ಎಂದೆ. “ಯಾರೋ ಸಿನೆಮಾದವರು ಇರಬೇಕು ಅಣ್ಣ” ಎಂದ. ನಗಬೇಡಿ, ತಪ್ಪು ಅವನದಲ್ಲ.

ಆತ ಚೆ ಗೆವಾರ, ಕ್ಯೂಬಾ ಕ್ರಾಂತಿಯ ಮುಂದಾಳು. 1960ರ ಮಾರ್ಚ್ 4ರಂದು ಹವಾನಾ ಬಂದರಿನಲ್ಲಿ ಮದ್ದುಗುಂಡು ತಂದಿದ್ದ ‘ಲಾ ಕೂಬ್ರ್’ ಹಡಗು ಸಿಡಿಯಿತು. ಸರಕು ಇಳಿಸುತ್ತಿದ್ದ ಕೂಲಿಗಳು, ನೆರವಿಗೆ ಓಡಿದವರು, ಹತ್ತಾರು ಜನ ಸತ್ತರು. ಮರುದಿನ ಶೋಕಸಭೆ. ಚೆ ವೇದಿಕೆಯ ಅಂಚಿಗೆ ಬಂದು ನಿಂತಾಗ ಆಲ್ಬರ್ಟೊ ಕೊರ್ಡಾ ಈ ಚಿತ್ರ ತೆಗೆದರು. ಪತ್ರಿಕೆ ಅಚ್ಚು ಹಾಕಲಿಲ್ಲ. ಅವರ ಗೋಡೆಯ ಮೇಲೆಯೇ ಉಳಿಯಿತು.

1967ರಲ್ಲಿ ಇಟಲಿಯ ಪ್ರಕಾಶಕ ಫೆಲ್ಟ್ರಿನೆಲ್ಲಿಗೆ ಪ್ರತಿಗಳನ್ನು ಪುಕ್ಕಟೆ ಕೊಟ್ಟರು. ಆ ಅಕ್ಟೋಬರಿನಲ್ಲೇ ಬೊಲಿವಿಯಾದಲ್ಲಿ ಚೆಯನ್ನು ಕೊಂದರು. ಚಿತ್ರ ಊರೂರ ಗೋಡೆ ಏರಿತು. 1968ರಲ್ಲಿ ಐರ್ಲೆಂಡಿನ ಜಿಮ್ ಫಿಟ್ಜ್‌ಪ್ಯಾಟ್ರಿಕ್ ಅದನ್ನು ಕೆಂಪು ಕಪ್ಪಿನಲ್ಲಿ ಬರೆದರು. ಅಚ್ಚೊತ್ತುವುದು ಸುಲಭ, ಹಕ್ಕಿನ ಹಣ ಕೇಳುವವರಿರಲಿಲ್ಲ. ಅಂಗಡಿಯವರಿಗೆ ಇನ್ನೇನು ಬೇಕು?

ವೋಡ್ಕಾ ಜಾಹೀರಾತಿಗೆ ಬಳಸಿದ್ದನ್ನು ಮಾತ್ರ ಕೊರ್ಡಾ ಸಹಿಸಲಿಲ್ಲ. 2000ದಲ್ಲಿ ಕೋರ್ಟಿಗೆ ಹೋದರು. ರಾಜಿಯಲ್ಲಿ ಬಂದ 50,000 ಡಾಲರನ್ನು ಕ್ಯೂಬಾದ ಮಕ್ಕಳ ಔಷಧಿಗೆ ಕೊಟ್ಟುಬಿಟ್ಟರು.

ಶರ್ಟು ಬಿಚ್ಚೆಂದು ನಾನು ಹುಡುಗನಿಗೆ ಹೇಳಲಿಲ್ಲ. “ಸತ್ತ ಕೂಲಿಗಳ ಶೋಕಸಭೆಯಲ್ಲಿ ತೆಗೆದ ಚಿತ್ರವಪ್ಪ ಇದು” ಎಂದೆ. ಅವನು ಎದೆಯ ಮೇಲಿನ ಮುಖವನ್ನು ಮತ್ತೊಮ್ಮೆ ನೋಡಿಕೊಂಡ. ಮಾರುವವರು ಈ ಮಾತು ಹೇಳುವುದಿಲ್ಲ, ಬಂಧುಗಳೇ. ಹೇಳಬೇಕಾದವರು ನಾವು.